ಬರೆಯುವ ಕೈ, ಬೇಹಿನ ಕಣ್ಣು: ಓದುಗರ ಪ್ರಶ್ನೋತ್ತರ

ಬೇಹುಗಾರಿಕೆ ಮಾಡುತ್ತಲೇ ಕಾದಂಬರಿ ಬರೆದವರ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪತ್ರಗಳನ್ನು ಈ ಕಂತಿಗೆ ಆರಿಸಿಕೊಂಡಿದ್ದೇವೆ. ಅವುಗಳಲ್ಲಿ ಅರ್ಧದಷ್ಟು ಮಂದಿ ತಾವೇ ಒಂದು ಗೂಢಚಾರ ಕಾದಂಬರಿ ಬರೆಯುವ ಹುನ್ನಾರದಲ್ಲಿರುವಂತಿದೆ. ಹಾಗಾಗಿ ಉತ್ತರಗಳೂ ಆ ಕಡೆಗೇ ವಾಲಿವೆ.

ಪ್ರ: ಸಾಮರ್ಸೆಟ್ ಮಾಮ್, ಗ್ರಹಾಂ ಗ್ರೀನ್, ಜಾನ್ ಲೆ ಕಾರೆ ಎಲ್ಲರೂ ಗೂಢಚಾರರಾಗಿದ್ದರಂತೆ. ಕಾದಂಬರಿಕಾರರನ್ನೇ ಹುಡುಕಿ ಈ ಕೆಲಸಕ್ಕೆ ಹಾಕಿದ್ದೇಕೆ?
– ನಿವೃತ್ತ ಶಿಕ್ಷಕರು, ಚಿಕ್ಕಮಗಳೂರು

ಉ: ಕಲ್ಪನಾಶಕ್ತಿ ನೋಡಿ ಕರೆದರು ಎಂದುಕೊಳ್ಳಬೇಡಿ. ಕಲ್ಪಿಸಿಕೊಂಡು ವರದಿ ಬರೆಯುವ ಬೇಹುಗಾರನಿಂದ ಯಜಮಾನನಿಗೆ ನಷ್ಟವೇ. ಅವರಿಗೆ ಬೇಕಿದ್ದದ್ದು ಲೇಖಕನ ಕಸುಬು ಒದಗಿಸುವ ಮರೆ. ಊರಿಗೆ ಹೊಸಬ ಬಂದರೆ ಜನಕ್ಕೆ ನಾಲ್ಕು ಅನುಮಾನ ಹುಟ್ಟುತ್ತವೆ: ಇಲ್ಲಿಗೆ ಯಾಕೆ ಬಂದ, ಎಲ್ಲರನ್ನೂ ಯಾಕೆ ಮಾತಿಗೆಳೆಯುತ್ತಾನೆ, ಬಾಗಿಲು ಹಾಕಿಕೊಂಡು ಏನು ಬರೆಯುತ್ತಾನೆ, ದುಡಿಮೆ ಕಾಣದಿದ್ದರೂ ದುಡ್ಡು ಎಲ್ಲಿಂದ ಬರುತ್ತದೆ. "ಪುಸ್ತಕ ಬರೀತಿದ್ದೀನಿ" ಎಂಬ ಒಂದು ಮಾತಿಗೆ ನಾಲ್ಕೂ ಅಡಗುತ್ತವೆ.

ಮಾಮ್‌ನನ್ನೇ ನೋಡಿ. ಮೊದಲ ಮಹಾಯುದ್ಧದ ಕಾಲ, 1915. ತಟಸ್ಥ ಸ್ವಿಟ್ಜರ್ಲೆಂಡ್‌ನಲ್ಲಿ ಬ್ರಿಟಿಷ್ ಗೂಢಚಾರರ ವರದಿ ಸಂಗ್ರಹಿಸಿ ದಾಟಿಸಲು ಒಬ್ಬ ಮನುಷ್ಯ ಬೇಕಿತ್ತು. ಮಾಮ್ ಆಗಲೇ ಹೆಸರಾಂತ ನಾಟಕಕಾರ. ಜಿನೀವಾದ ಹೋಟೆಲಿನಲ್ಲಿ ಕೂತು ನಾಟಕ ಬರೆಯುತ್ತಿದ್ದೇನೆ ಎಂದ. ನಿಜವಾಗಿಯೂ ಬರೆದ ಕೂಡ. ಗಮನಿಸಬೇಕಾದ್ದು ಇದನ್ನೇ: ಮರೆಯ ಕಸುಬನ್ನು ನಟಿಸಿದರೆ ಸಾಲದು, ಮಾಡಿ ತೋರಿಸಬೇಕು. ಸ್ವಿಸ್ ಪೊಲೀಸರು ಕೋಣೆಗೆ ನುಗ್ಗಿದರೂ ಮೇಜಿನ ಮೇಲೆ ಹೊಡೆದು ತಿದ್ದಿದ ಹಸ್ತಪ್ರತಿ ಇರಬೇಕು. 1917ರಲ್ಲಿ ಅವನನ್ನು ಅಮೆರಿಕದಿಂದ ವ್ಲಾಡಿವಾಸ್ಟೊಕ್ ಮಾರ್ಗವಾಗಿ ರಷ್ಯಾದ ಅಂದಿನ ರಾಜಧಾನಿ ಪೆಟ್ರೊಗ್ರಾಡ್‌ಗೆ ಕಳಿಸಿದರು. ರಷ್ಯಾ ಯುದ್ಧದಿಂದ ಹಿಂದೆ ಸರಿಯದಂತೆ ಕೆರೆನ್‌ಸ್ಕಿ ಸರ್ಕಾರಕ್ಕೆ ಆಸರೆ ಕೊಡುವುದು ಕೆಲಸ. ಕೆಲವೇ ತಿಂಗಳಲ್ಲಿ ಲೆನಿನ್‌ನ ಬೋಲ್ಶೆವಿಕರು ಅಧಿಕಾರಕ್ಕೆ ಬಂದರು, ಕೆಲಸ ನೆಲಕಚ್ಚಿತು. ದಕ್ಕಿದ್ದು ಕತೆಗಳು ಮಾತ್ರ.

ಈ ಜೋಡಿ ಬದುಕು ಹೊಸತೇನಲ್ಲ. 'ರಾಬಿನ್ಸನ್ ಕ್ರೂಸೋ' ಬರೆದ ಡೇನಿಯಲ್ ಡಿಫೋ 1706ರಲ್ಲಿ ಎಡಿನ್‌ಬರೋಗೆ ಹೋದದ್ದು ಇಂಗ್ಲೆಂಡ್-ಸ್ಕಾಟ್ಲೆಂಡ್ ಒಕ್ಕೂಟದ ಪರ ಗುಪ್ತವಾಗಿ ಕೆಲಸ ಮಾಡಲು. ಅಲ್ಲಿಂದ ತನ್ನ ಧಣಿ ರಾಬರ್ಟ್ ಹಾರ್ಲಿಗೆ ಬರೆದ ಕಾಗದದಲ್ಲಿ ವೇಷಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ: ವರ್ತಕರ ಮುಂದೆ ಹಡಗು ಕಟ್ಟಿಸುವವನು, ವಕೀಲರ ಮುಂದೆ ಮನೆ-ಜಮೀನು ಕೊಳ್ಳುವವನು, ಗ್ಲಾಸ್ಗೋದವರಿಗೆ ಮೀನು ವ್ಯಾಪಾರಿ, ಅಬರ್ಡೀನ್‌ನವರಿಗೆ ಉಣ್ಣೆ ವ್ಯಾಪಾರಿ. ನಮ್ಮ ಅಭಿಪ್ರಾಯ ಕೇಳಿದರೆ ಇಷ್ಟೊಂದು ವೇಷ ಅಪಾಯವೇ. ಮೀನಿನವನೂ ಉಣ್ಣೆಯವನೂ ಒಂದೇ ಪಾನಗೃಹದಲ್ಲಿ ಕೂತ ದಿನ ಆಟ ಮುಗಿದಂತೆ. ಡಿಫೋ ಹೇಗೋ ದಕ್ಕಿಸಿಕೊಂಡ.

ಅವನಿಗೂ ಮೊದಲು, 1666ರಲ್ಲಿ, ಆಫ್ರಾ ಬೆನ್ ಎಂಬಾಕೆಯನ್ನು ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್‌ನ ಕಡೆಯವರು ಆಂಟ್‌ವರ್ಪ್‌ಗೆ ಕಳಿಸಿದ್ದರು. ಗುಪ್ತನಾಮ 'ಆಸ್ಟ್ರೇಯಾ'. ಖರ್ಚಿಗೆ ಹಣವೇ ಬರಲಿಲ್ಲ. ಸಾಲ ಮಾಡಿಕೊಂಡು ಊರಿಗೆ ಮರಳಿದಳು. ಆಮೇಲೆ ಬರೆದೇ ಹೊಟ್ಟೆ ಹೊರೆದಳು. ಇಂಗ್ಲಿಷಿನಲ್ಲಿ ಬರವಣಿಗೆಯನ್ನು ಜೀವನೋಪಾಯ ಮಾಡಿಕೊಂಡ ಮೊದಲ ಹೆಂಗಸರಲ್ಲಿ ಆಕೆಯ ಹೆಸರು ಬರುತ್ತದೆ. ಕೈಕೊಟ್ಟ ಖಜಾನೆಗೆ ಸಾಹಿತ್ಯ ಒಂದು ನಮಸ್ಕಾರ ಹೇಳಬಹುದು.

ಪ್ರ: ಜೇಮ್ಸ್ ಬಾಂಡ್ ಬರೆದ ಇಯಾನ್ ಫ್ಲೆಮಿಂಗ್ ಸ್ವತಃ ಬಾಂಡ್‌ನಂತೆಯೇ ಇದ್ದರೇ?
– ಬೇಲೂರು

ಉ: ಇಲ್ಲ. 1939ರಿಂದ ಯುದ್ಧ ಮುಗಿಯುವವರೆಗೆ ಅವರು ಬ್ರಿಟಿಷ್ ನೌಕಾ ಗುಪ್ತಚರ ವಿಭಾಗದಲ್ಲಿ, ಅಡ್ಮಿರಲ್ ಜಾನ್ ಗಾಡ್‌ಫ್ರೆಯವರ ಆಪ್ತ ಸಹಾಯಕ. ಮೇಜಿನ ಕೆಲಸ. ಯೋಜನೆ ಹೆಣೆಯುವುದರಲ್ಲಿ ಮಾತ್ರ ಗಟ್ಟಿಗ. ವಶಪಡಿಸಿಕೊಂಡ ಜರ್ಮನ್ ವಿಮಾನವನ್ನು ಕಡಲಿಗೆ ಬೀಳಿಸಿ, ಕಾಪಾಡಲು ಬರುವ ಜರ್ಮನ್ ದೋಣಿಯಿಂದ ಸಂಕೇತ ಪುಸ್ತಕ ಹಾರಿಸುವ ಉಪಾಯ 1940ರಲ್ಲಿ ಅವರದೇ, ಜಾರಿಗೆ ಬರಲಿಲ್ಲ. ನಾಯಕನ ಹೆಸರನ್ನು ಎತ್ತಿಕೊಂಡದ್ದು ವೆಸ್ಟ್ ಇಂಡೀಸ್ ಪಕ್ಷಿಗಳ ಕುರಿತ ಪುಸ್ತಕವೊಂದರ ಕರ್ತೃವಿನಿಂದ. ನಿಮ್ಮ ಕಡೆಯವರಿಗೆ ರುಚಿಸುವ ಸಂಗತಿ: ಬಾಂಡ್ ಚಹಾ ಕಂಡರೆ ಮೂಗು ಮುರಿಯುತ್ತಾನೆ, ಬೆಳಿಗ್ಗೆ ಎರಡು ದೊಡ್ಡ ಕಪ್ ಕಾಫಿ, ಹಾಲು ಸಕ್ಕರೆ ಎರಡೂ ಇಲ್ಲದೆ.

ಪ್ರ: ನನ್ನ ಕಾದಂಬರಿಯ ಗೂಢಚಾರ ಬೇರೆ ಹೆಸರಿನಲ್ಲಿ ಮಲೆನಾಡಿನ ಒಂದು ಹಳ್ಳಿಯಲ್ಲಿ ಎಂಟು ತಿಂಗಳು ಇರಬೇಕು. ಅವನಿಗೆ ಯಾವ ವೇಷ ಹಾಕಲಿ? 'ಪ್ರವಾಸಿ ಸಾಹಿತಿ' ಎಂದರೆ ಸಾಕೇ?
– ಎಂ.ಎ. ವಿದ್ಯಾರ್ಥಿನಿ, ಹಾಸನ

ಉ: ಸಾಲದು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ನಡೆಯುವ ಸುಳ್ಳು ಮೂಡಿಗೆರೆಯ ಹಳ್ಳಿಯಲ್ಲಿ ಒಂದು ವಾರವೂ ನಡೆಯದು. "ಯಾವೂರು? ಯಾರ ಮನೆ? ಅವರಿಗೆ ನೀವೇನಾಗಬೇಕು?" ಎಂಬ ಮೂರನೇ ಪ್ರಶ್ನೆಗೆ ನಿಮ್ಮ ನಾಯಕನ ಬಣ್ಣ ಕಳಚುತ್ತದೆ. ಹತ್ತಿರದ ಊರಿನ ಹೆಸರು ಹೇಳಿದರೆ ಅಲ್ಲಿಂದ ಸೊಸೆ ತಂದವರು ಸಿಕ್ಕೇ ಸಿಗುತ್ತಾರೆ. ಆದ್ದರಿಂದ ಬಂಧುತ್ವದ ಪ್ರಶ್ನೆಯೇ ಏಳದಂಥ ಕಸುಬು ಕೊಡಿ.

ನಮ್ಮ ಮೊದಲ ಆಯ್ಕೆ: ಶಾಸನ ಪಡಿಯಚ್ಚು ತೆಗೆಯುವ ಸಂಶೋಧಕ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ 'ಎಪಿಗ್ರಾಫಿಯಾ ಕರ್ನಾಟಿಕಾ'ದಲ್ಲಿ ಹಾಸನ ಜಿಲ್ಲೆಗೆ ಐದನೇ ಸಂಪುಟ, ಅಂದಿನ ಕಡೂರು (ಇಂದಿನ ಚಿಕ್ಕಮಗಳೂರು) ಜಿಲ್ಲೆಗೆ ಆರನೇ ಸಂಪುಟ ಮೀಸಲು. ಅದನ್ನು ಕಂಕುಳಲ್ಲಿಟ್ಟುಕೊಂಡವನು ಯಾವ ಹಿತ್ತಲಿಗೆ ಬೇಕಾದರೂ ಕಾಲಿಡಬಹುದು, ಮುದುಕರನ್ನು ಕೂರಿಸಿ ಗಡಿ, ದಾರಿ, ಕೆರೆ, ಯಾರ ಜಮೀನು ಯಾರಿಗೆ ಹೋಯಿತು ಎಂದೆಲ್ಲ ಕೇಳಬಹುದು, ಕ್ಯಾಮೆರಾ ಹಿಡಿದು ಓಡಾಡಬಹುದು. ಆದರೆ ಕೆಲಸ ಬರಬೇಕು. ಕಲ್ಲನ್ನು ನೀರು ಹಾಕಿ ಬ್ರಷ್‌ನಿಂದ ಉಜ್ಜಿ ಪಾಚಿ ತೆಗೆಯುವುದು, ಒದ್ದೆ ಕಾಗದ ಹಾಸಿ ಗುಂಡಿಗಳಿಗೆ ಇಳಿಯುವಂತೆ ಬ್ರಷ್‌ನಿಂದ ಬಡಿಯುವುದು, ಅರೆ ಒಣಗಿದಾಗ ಮಸಿಯುಂಡೆ ಒತ್ತುವುದು. ಕಾಗದ ತೀರಾ ಒದ್ದೆಯಿದ್ದಾಗ ಮಸಿ ಹಚ್ಚಿದರೆ ಅಕ್ಷರಕ್ಕೇ ಮಸಿ ಹರಡಿ ಎಲ್ಲ ಕಪ್ಪು. ಪೂರಾ ಒಣಗಿದರೆ ಕಾಗದ ಕಲ್ಲು ಬಿಟ್ಟು ಏಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಬಯಲಲ್ಲಿ ಈ ಕೆಲಸ ಆಗದು. ಮಳೆಗಾಲದಲ್ಲಿ ದಿನಾ ಪಡಿಯಚ್ಚಿಗೆ ಹೊರಟವನನ್ನು ಯಾರಾದರೂ ಅನುಮಾನಿಸಬೇಕು. ನಿಮ್ಮ ಕಾದಂಬರಿಯಲ್ಲಿ ಅನುಮಾನಿಸುವವರು ಊರಿನ ಹೈಸ್ಕೂಲಿನ ಕನ್ನಡ ಮೇಷ್ಟರೇ ಆಗಲಿ. "ಈ ಸಾಲು ಸ್ವಲ್ಪ ಓದಿ ಹೇಳಿ" ಎಂದು ಅವರು ಹಳಗನ್ನಡದ ಕಲ್ಲಿನ ಮುಂದೆ ನಿಲ್ಲಿಸಿದರೆ ಸಾಕು, ಒಂದು ಅಧ್ಯಾಯಕ್ಕೆ ಆಗುವಷ್ಟು ಬೆವರು.

ಎರಡನೇ ಆಯ್ಕೆ ಕಾಫಿ ಖರೀದಿದಾರ. ಇದು ಸುಲಭವೆನಿಸುತ್ತದೆ, ಸುಲಭವಲ್ಲ. ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ) ಯಾವುದು, ಚೆರ್ರಿ (ಹಣ್ಣನ್ನು ಇಡಿಯಾಗಿ ಒಣಗಿಸಿದ್ದು) ಯಾವುದು, ದರ 50 ಕೆಜಿ ಮೂಟೆಗೆ ಎಂಬುದು ಬಾಯಿಪಾಠವಿರಬೇಕು. ರೊಬಸ್ಟಾ ಚೆರ್ರಿಗೆ ಔಟ್‌ಟರ್ನ್ (ಮೂಟೆಯಿಂದ ಸಿಗುವ ಶುದ್ಧ ಬೀಜ) ಎಷ್ಟು ಬಂತು, ಮಾಯಿಶ್ಚರ್ (ತೇವಾಂಶ) ಎಷ್ಟು ಎಂದು ಕೇಳದೆ ದರ ಹೇಳಿದವನನ್ನು ಬೆಳೆಗಾರ ಗೇಟಿನಿಂದಲೇ ಸಾಗಹಾಕುತ್ತಾನೆ. ಅರೇಬಿಕಾ ಕೊಯ್ಲು ನವೆಂಬರ್-ಜನವರಿ, ರೊಬಸ್ಟಾ ಜನವರಿಯಿಂದ ಮಾರ್ಚ್. ಆಗಸ್ಟ್‌ನಲ್ಲಿ ತೋಟ ತೋಟ ಸುತ್ತುವ ಖರೀದಿದಾರನಿಗೆ ಕಾರಣ ಬೇಕು.

ಹೆಸರು ಹೇಗೂ ಬದಲಾಗಲಿ, ಮಿಕ್ಕಿದ್ದನ್ನು ಆದಷ್ಟು ಅವನದೇ ಇಡಿ. ಹುಟ್ಟಿದ ತಿಂಗಳು, ಓದಿದ ವಿಷಯ, ಊಟದ ಅಭ್ಯಾಸ, ಕ್ರಿಕೆಟ್ ಹುಚ್ಚು ಇವು ನಿಜವಿದ್ದರೆ ನೆನಪಿಟ್ಟುಕೊಳ್ಳಬೇಕಾದ ಸುಳ್ಳು ಕಡಿಮೆ. ನಿದ್ದೆಗಣ್ಣಲ್ಲಿ ಹಳೆಯ ಹೆಸರಿಗೆ ಓಗೊಟ್ಟರೂ ಸಿಕ್ಕಿಬೀಳದಿರಲಿ ಎಂದೇ ಎಷ್ಟೋ ಕಡೆ ಮೊದಲ ಹೆಸರನ್ನು ಹಾಗೇ ಉಳಿಸಿಕೊಳ್ಳುತ್ತಾರೆ. ಜೇಬಿನಲ್ಲಿ ವೇಷಕ್ಕೆ ತಕ್ಕ ಕಸವಿರಲಿ: ಮಾಸಿದ ಬಸ್ ಟಿಕೆಟ್, ಜೆರಾಕ್ಸ್ ಅಂಗಡಿಯ ಚೀಟಿ, ಅರ್ಧ ಮಾತ್ರೆ ಪಟ್ಟಿ. ಹೊಸ ಪರ್ಸಿನಲ್ಲಿ ಹೊಸ ಗುರುತುಚೀಟಿ ಒಂದೇ ಇದ್ದರೆ ಅದೇ ಸಾಕ್ಷಿ. ವಿದೇಶಿ ಪಾತ್ರವನ್ನು ಹೋಂಸ್ಟೇಗೆ ತರುವುದಿದ್ದರೆ ಮರೆಯಬೇಡಿ, ಮಾಲೀಕರು 24 ಗಂಟೆಯೊಳಗೆ ಅತಿಥಿಯ ವಿವರವನ್ನು ನಿಗದಿತ ಫಾರ್ಮಿನಲ್ಲಿ (2025ರವರೆಗೆ ಅದು 'ಫಾರ್ಮ್ ಸಿ') ಸರ್ಕಾರಕ್ಕೆ ಸಲ್ಲಿಸಬೇಕು. ಆ ಫಾರ್ಮನ್ನು ಮರೆತ ಮಾಲೀಕನೋ, ಮರೆಯದ ಮಾಲೀಕನೋ, ಕತೆಗೆ ಯಾವನಾದರೂ ಆದೀತು.

ಪ್ರ: ಕನ್ನಡ ಕಾದಂಬರಿಯೊಂದನ್ನೇ ಸಂಕೇತ ಪುಸ್ತಕ ಮಾಡಿಕೊಂಡು ರಹಸ್ಯ ಸಂದೇಶ ಕಳಿಸಬಹುದೇ? ಹೇಗೆ?
– ಅರಸೀಕೆರೆ

ಉ: ಕಳಿಸಬಹುದು, ನಿಧಾನವಾಗುತ್ತದೆ. ಇಬ್ಬರ ಬಳಿಯೂ ಒಂದೇ ಪುಸ್ತಕವಿರಬೇಕು. ಬೇಕಾದ ಪದ ಎಲ್ಲಿದೆ ಎಂದು ಹುಡುಕಿ ಪುಟ, ಸಾಲು, ಪದ ಎಂದು ಮೂರು ಸಂಖ್ಯೆ ಬರೆಯುತ್ತೀರಿ. ಪುಟಕ್ಕೆ ಮೂರು ಅಂಕಿ, ಸಾಲಿಗೆ ಎರಡು, ಪದಕ್ಕೆ ಎರಡು ಎಂದು ಖಾಯಂ ಮಾಡಿಕೊಳ್ಳಿ. 112ನೇ ಪುಟದ 7ನೇ ಸಾಲಿನ 3ನೇ ಪದ ಎಂದರೆ 1120703. ಎಲ್ಲ ಪದಗಳ ಅಂಕಿಗಳನ್ನು ಒಟ್ಟಿಗೆ ಪೋಣಿಸಿ, ಐದೈದು ಅಂಕಿಯ ಗುಂಪು ಮಾಡಿ ಕಳಿಸುವುದು ರೂಢಿ. ಎಲ್ಲಿ ಪದ ಮುಗಿಯಿತು ಎಂದು ನೋಡುವವರಿಗೆ ತಿಳಿಯದು.

ಕನ್ನಡದಲ್ಲಿ ಎಡವುವ ಜಾಗಗಳು ಬೇರೆ. ಒಂದು, ಮುದ್ರಣ. ಜನಪ್ರಿಯ ಕಾದಂಬರಿಗಳು ಮರುಮುದ್ರಣವಾದಾಗ ಅಕ್ಷರದ ಗಾತ್ರ, ಪುಟ ಸಂಖ್ಯೆ ಎರಡೂ ಬದಲಾಗುತ್ತವೆ. ಒಬ್ಬರ ಬಳಿ ಮೂರನೇ ಮುದ್ರಣ, ಇನ್ನೊಬ್ಬರ ಬಳಿ ಐದನೆಯದು ಇದ್ದರೆ ಬರುವುದು ಬರೀ ಗೊಜ್ಜು. ಎರಡು, ಸಾಲಿನ ಕೊನೆಯಲ್ಲಿ ಮುರಿದ ಪದ. ನಮ್ಮ ಉದ್ದುದ್ದ ಪದಗಳು ಅರ್ಧ ಮೇಲೆ, ಅರ್ಧ ಕೆಳಗೆ ಬೀಳುತ್ತವೆ. ಅಂಥದ್ದನ್ನು ಮೇಲಿನ ಸಾಲಿನ ಕೊನೆಯ ಪದವೆಂದೇ ಎಣಿಸಬೇಕು ಎಂದು ಮೊದಲೇ ಮಾತಾಡಿಕೊಳ್ಳಿ. ಮೂರು, ಅಕ್ಷರ ಎಣಿಸುವ ಗೊಡವೆ ಬೇಡ. 'ಸ್ತ್ರೀ' ಒಂದೋ ಮೂರೋ ಎಂದು ಜಗಳ ಹತ್ತುತ್ತದೆ. ಪುಸ್ತಕದಲ್ಲಿಲ್ಲದ ಹೆಸರನ್ನು ಹೇಳಬೇಕಾದರೆ, ಆಯ್ದ ಪದಗಳ ಮೊದಲ ಅಕ್ಷರ ಮಾತ್ರ ತೆಗೆದುಕೊಳ್ಳುವಂತೆ ಗುರುತಿನ ಸಂಖ್ಯೆಯೊಂದನ್ನು ಇಟ್ಟುಕೊಳ್ಳಿ. ನಾಲ್ಕು, ಬಳಸಿದ ಪದಕ್ಕೆ ಪೆನ್ಸಿಲ್ ಚುಕ್ಕೆ ಇಡಬೇಡಿ. ಒಂದೇ ಜಾಗವನ್ನು ಎರಡು ಸಲ ಬಳಸಬಾರದೆಂಬ ಎಚ್ಚರಕ್ಕೆ ಚುಕ್ಕೆ ಇಡುವ ಆಸೆಯಾಗುತ್ತದೆ. ಶೋಧನೆಗೆ ಬಂದವನು ಮೊದಲು ನೋಡುವುದು ಆ ಚುಕ್ಕೆಗಳನ್ನು ಮತ್ತು ಪುಸ್ತಕ ತಾನಾಗಿ ತೆರೆದುಕೊಳ್ಳುವ ಪುಟಗಳನ್ನು.

ಇತಿಹಾಸದಲ್ಲಿ ಇದಕ್ಕೆ ಪ್ರಸಿದ್ಧ ಉದಾಹರಣೆ 1942ರ ಕೈರೋ. ಜರ್ಮನ್ ಗೂಢಚಾರ ಎಪ್ಲರ್ ಮತ್ತು ಅವನ ವೈರ್‌ಲೆಸ್ ಜೊತೆಗಾರ ನೈಲ್ ನದಿಯ ದೋಣಿಮನೆಯಲ್ಲಿ ಬೀಡುಬಿಟ್ಟಿದ್ದರು. ಸಂಕೇತಕ್ಕೆ ಇಟ್ಟುಕೊಂಡದ್ದು ಡಾಫ್ನೆ ಡು ಮೋರಿಯರ್ ಅವರ 'ರೆಬೆಕಾ'. ಸೆರೆಸಿಕ್ಕ ಜರ್ಮನ್ ವೈರ್‌ಲೆಸ್ ತಂಡದ ಸಾಮಾನಿನಲ್ಲೂ ಅದೇ ಇಂಗ್ಲಿಷ್ ಕಾದಂಬರಿ ಕಂಡು ಬ್ರಿಟಿಷರ ಕಿವಿ ನೆಟ್ಟಗಾಯಿತು. ಜುಲೈ ಹೊತ್ತಿಗೆ ಇಬ್ಬರೂ ಬಂಧನದಲ್ಲಿದ್ದರು. ಪುಸ್ತಕ ಇಟ್ಟುಕೊಂಡವನ ಕೈಗೆ ಒಪ್ಪುವಂತಿರಬೇಕು ಎಂಬುದಕ್ಕೆ ಇದಕ್ಕಿಂತ ಪಾಠ ಬೇಡ.

ಪುಸ್ತಕ ಸಂಕೇತಕ್ಕಿಂತ ಗಟ್ಟಿಯಾದದ್ದು ಒಂದೇ ಸಲ ಬಳಸಿ ಸುಡುವ ಅಂಕಿಪುಸ್ತಕ. ಪದಕ್ಕೊಂದು ಸಂಖ್ಯೆ ಕೊಟ್ಟ ನಿಮ್ಮ ಪಟ್ಟಿಯಲ್ಲಿ 'ಹಾಸನ' ಎಂಬುದಕ್ಕೆ 4831 ಇದೆ ಎನ್ನಿ. ಅಂಕಿಪುಸ್ತಕದ ಪುಟದ ಮೇಲಿನ ಯಾದೃಚ್ಛಿಕ (ಯಾವ ಕ್ರಮವೂ ಇಲ್ಲದ) ಅಂಕಿ 7290. ದಶಕ ಒಯ್ಯದೆ ಅಂಕಿಗೆ ಅಂಕಿ ಕೂಡಿ: 4ಕ್ಕೆ 7 ಸೇರಿ 11, ಬರೆಯುವುದು 1, 8ಕ್ಕೆ 2 ಸೇರಿ 0, 3ಕ್ಕೆ 9 ಸೇರಿ 2, 1ಕ್ಕೆ 0 ಸೇರಿ 1. ಕಳಿಸುವುದು 1021. ಪಡೆದವನು ಅದೇ ರೀತಿ 7290 ಕಳೆಯುತ್ತಾನೆ, ಸಾಲದೆ ಬಂದಲ್ಲಿ 10 ಸೇರಿಸಿಕೊಳ್ಳುತ್ತಾನೆ, 4831 ಕೈಗೆ ಬರುತ್ತದೆ. ಅಂಕಿಗಳು ನಿಜವಾಗಿ ಯಾದೃಚ್ಛಿಕವಾಗಿದ್ದು, ಪುಟವನ್ನು ಒಮ್ಮೆ ಮಾತ್ರ ಬಳಸಿದರೆ ಇದನ್ನು ಗಣಿತದಿಂದ ಒಡೆಯಲಾಗದು. ಎರಡು ಸಲ ಬಳಸಿದರೆ ಒಡೆಯಬಹುದು. 1942ರ ಯುದ್ಧದ ಗಡಿಬಿಡಿಯಲ್ಲಿ ಸೋವಿಯತ್ ಮುದ್ರಣದವರು ಇಂಥ ಅಂಕಿಪುಸ್ತಕಗಳ ಕೆಲವು ಪುಟಗಳನ್ನು ಜೋಡಿ ಪ್ರತಿಯಾಗಿ ಅಚ್ಚುಹಾಕಿದರು. ಸೋವಿಯತ್ ಸಂದೇಶ ಒಡೆಯಲು ಅಮೆರಿಕನ್ನರು 1943ರಲ್ಲಿ ಆರಂಭಿಸಿದ 'ವೆನೋನಾ' ಕೆಲಸ ಆ ಬಿರುಕಿನಿಂದಲೇ ಒಳಹೊಕ್ಕದ್ದು.

ಪ್ರ: ನಿಂಬೆರಸದಲ್ಲಿ ಬರೆದರೆ ಕಾಣುವುದಿಲ್ಲವಂತೆ. ನಿಜವಾದ ಗೂಢಚಾರರೂ ಹಾಗೇ ಬರೆಯುತ್ತಿದ್ದರೇ?
– 9ನೇ ತರಗತಿ, ಕೊಪ್ಪ

ಉ: ಬರೆಯುತ್ತಿದ್ದರು, ಸಿಕ್ಕಿಯೂ ಬೀಳುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ಕಾರ್ಲ್ ಮುಲ್ಲರ್ ಎಂಬ ಜರ್ಮನ್ ಬೇಹುಗಾರ ಲಂಡನ್‌ನಿಂದ ನಿಂಬೆರಸದಲ್ಲಿ ವರದಿ ಬರೆಯುತ್ತಿದ್ದ. ಅಂಚೆ ಪರಿಶೀಲಕರು ಕಾಗದಕ್ಕೆ ಬಿಸಿ ತಾಗಿಸಿದರು. ಬಂಧಿಸಿದಾಗ ಅವನ ಬಳಿ ನಿಂಬೆಹಣ್ಣು. ಪೆನ್ನಿನ ಮೊನೆಯಲ್ಲಿ ನಿಂಬೆಯ ನಾರು. 1915ರ ಜೂನ್ 23ರಂದು ಲಂಡನ್ ಟವರ್‌ನಲ್ಲಿ ಗುಂಡಿಟ್ಟು ಕೊಂದರು.

ನೀನು ಮನೆಯಲ್ಲಿ ಮಾಡಿ ನೋಡಬೇಕೆಂದರೆ: ಎರಡು ಚಮಚ ರಸಕ್ಕೆ ನಾಲ್ಕೈದು ಹನಿ ನೀರು. ಹೊಳಪಿಲ್ಲದ ಸಾದಾ ಹಾಳೆ. ನಿಬ್ ಬೇಡ, ಅದು ಕಾಗದ ಗೀರುತ್ತದೆ. ಹತ್ತಿ ಸುತ್ತಿದ ಕಡ್ಡಿ ಸಾಕು. ಪೂರ್ತಿ ಒಣಗಿದ ಮೇಲೆ, ದೊಡ್ಡವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಆವಿ ಇಲ್ಲದ ಇಸ್ತ್ರಿಪೆಟ್ಟಿಗೆ ಒತ್ತು. ಎಲ್ಇಡಿ ಬಲ್ಬಿಗೆ ಹಿಡಿದರೆ ಏನೂ ಆಗದು, ಅದಕ್ಕೆ ಸಾಕಷ್ಟು ಬಿಸಿ ಇಲ್ಲ. ರಸದ ಆಮ್ಲ ತಾಗಿದ ಕಡೆ ಕಾಗದ ಬಲಗುಂದಿ, ಮಿಕ್ಕ ಹಾಳೆಗಿಂತ ಬೇಗ ಕಂದುತ್ತದೆ; ಕಂದು ಅಕ್ಷರ ಮೂಡುವುದು ಹಾಗೆ. ಜುಲೈ ತಿಂಗಳಲ್ಲಿ ನಿಮ್ಮೂರಿನ ಹಾಳೆ ತೆರೆದಿಟ್ಟ ಹಪ್ಪಳದಂತೆ ತೇವ ಹೀರಿರುತ್ತದೆ. ಮೊದಲು ಬರೀ ಹಾಳೆಯನ್ನೇ ಒಮ್ಮೆ ಇಸ್ತ್ರಿ ಮಾಡಿಕೋ. ಒಲೆಯ ಉರಿಗೆ ಹಿಡಿಯಲೇಬೇಡ. ಸೋತವರೆಲ್ಲ ಎಡವಿದ ಜಾಗ ಇನ್ನೊಂದಿದೆ: ಒದ್ದೆಯಾದ ಕಡೆ ಕಾಗದದ ನಾರು ಉಬ್ಬುತ್ತದೆ, ಓರೆ ಬೆಳಕಿಗೆ ಹಿಡಿದರೆ ಬಿಸಿಯಿಲ್ಲದೆಯೇ ಓದಬಹುದು.

ಪ್ರ: ಗೂಢಚಾರರಲ್ಲಿ ಅತ್ಯಂತ ಒಳ್ಳೆಯ ಕಾದಂಬರಿಕಾರ ಯಾರು?
– ತರೀಕೆರೆ

ಉ: ಒಂದು ಕಾದಂಬರಿಯನ್ನೂ ಪ್ರಕಟಿಸದವನು. ಹುವಾನ್ ಪುಜೋಲ್ ಗಾರ್ಸಿಯಾ, ಬ್ರಿಟಿಷರು ಇಟ್ಟ ಹೆಸರು 'ಗಾರ್ಬೊ'. ಈ ಸ್ಪೇನ್ ದೇಶದವ ಜರ್ಮನ್ನರನ್ನು ಬೇಸ್ತು ಬೀಳಿಸಲೆಂದೇ ಅವರ ಬಳಿ ತಾನಾಗಿ ಹೋಗಿ, ಇಂಗ್ಲೆಂಡಿನಿಂದ ಬೇಹುಗಾರಿಕೆ ಮಾಡುತ್ತೇನೆ ಎಂದು ಒಪ್ಪಿಸಿದ. ಆಗ ಇಂಗ್ಲೆಂಡಿಗೆ ಹೋಗಲೇ ಇಲ್ಲ. ಲಿಸ್ಬನ್‌ನಲ್ಲಿ ಕೂತು ಪ್ರವಾಸಿ ಕೈಪಿಡಿ, ನಕ್ಷೆ, ರೈಲ್ವೆ ವೇಳಾಪಟ್ಟಿ ಮುಂದಿಟ್ಟುಕೊಂಡು ವರದಿ ಬರೆದ. ಅವನ ಬರವಣಿಗೆಯಲ್ಲಿ ಎರಡು ಕಡೆ ಹುಳುಕು ಕಾಣುತ್ತದೆ. ಗ್ಲಾಸ್ಗೋದಲ್ಲಿ ಒಂದು ಲೀಟರ್ ವೈನ್‌ಗೆ ಏನು ಬೇಕಾದರೂ ಮಾಡುವವರಿದ್ದಾರೆ ಎಂದ. ಅದು ಸ್ಪೇನಿನವನ ಕಲ್ಪನೆ, ಸ್ಕಾಟ್ಲೆಂಡಿನವರ ಪಾನೀಯ ಬೇರೆ, ಲೀಟರಿನ ಲೆಕ್ಕವೂ ಆಗ ಅಲ್ಲಿರಲಿಲ್ಲ. ಇನ್ನೊಂದು ಖರ್ಚಿನ ಪಟ್ಟಿ: 12 ಪೆನ್ಸ್‌ಗೆ ಶಿಲಿಂಗ್, 20 ಶಿಲಿಂಗ್‌ಗೆ ಪೌಂಡ್ ಎಂಬ ಆ ಕಾಲದ ಲೆಕ್ಕ ಅವನಿಗೆ ಕೂಡಲು ಬರುತ್ತಿರಲಿಲ್ಲ. ಬಿಡಿ ಬಾಬ್ತು ಬರೆದು, ಮೊತ್ತ ಆಮೇಲೆ ಕಳಿಸುತ್ತೇನೆ ಎಂದು ಜಾರಿಕೊಂಡ. ಜರ್ಮನ್ನರು ಎರಡನ್ನೂ ಹಿಡಿಯಲಿಲ್ಲ.

1942ರಲ್ಲಿ ಬ್ರಿಟಿಷರು ಅವನನ್ನು ಕರೆಸಿಕೊಂಡು, ಟೊಮಾಸ್ ಹ್ಯಾರಿಸ್ ಎಂಬ ಅಧಿಕಾರಿಯನ್ನು ಜೊತೆಗೆ ಕೂರಿಸಿದರು. ಇಬ್ಬರೂ ಸೇರಿ ಇಲ್ಲದ 27 ಉಪಗೂಢಚಾರರನ್ನು ಸೃಷ್ಟಿಸಿದರು. ಒಬ್ಬೊಬ್ಬನಿಗೂ ಊರು, ಕಸುಬು, ಸಿಡುಕು, ಖರ್ಚು. ಪಾತ್ರಗಳನ್ನು ಸಾಯಿಸುವುದೂ ಅವರಿಗೆ ಗೊತ್ತಿತ್ತು. ಲಿವರ್‌ಪೂಲ್‌ನ 'ಗೂಢಚಾರ' ಕಣ್ಣಿಗೆ ರಾಚುವ ಹಡಗುಪಡೆಯ ಚಲನೆ ವರದಿ ಮಾಡಲಿಲ್ಲವೇಕೆ ಎಂಬ ಪ್ರಶ್ನೆ ಏಳಬಾರದು; ಅವನಿಗೆ ಕಾಯಿಲೆ ತರಿಸಿ, ಸಾಯಿಸಿ, ಸ್ಥಳೀಯ ಪತ್ರಿಕೆಯಲ್ಲಿ ನಿಧನವಾರ್ತೆ ಹಾಕಿಸಿದರು. ಇಲ್ಲದ ಗಂಡನ ಇಲ್ಲದ ವಿಧವೆಗೆ ಜರ್ಮನ್ನರು ಪಿಂಚಣಿ ಮಂಜೂರು ಮಾಡಿದರು.

1944ರ ಜೂನ್ 9ರಂದು, ಫ್ರಾನ್ಸಿನ ನಾರ್ಮಂಡಿ ತೀರಕ್ಕೆ ಮಿತ್ರಪಡೆಗಳು ಇಳಿದ ದಾಳಿ ಬರೀ ಕಣ್ಕಟ್ಟು, ನಿಜವಾದ ದಾಳಿ ಕ್ಯಾಲೆ ಕಡೆ ಬರಲಿದೆ ಎಂದು ಅವನು ಕಳಿಸಿದ ಸಂದೇಶವನ್ನು ಜರ್ಮನ್ ಸೇನಾ ವರಿಷ್ಠರು ನಂಬಿದರು. ದೊಡ್ಡ ಪಡೆಯೊಂದು ಕ್ಯಾಲೆ ಕಾಯುತ್ತ ಕೂತಿತು. ಅದೇ ವರ್ಷ ಜರ್ಮನಿಯಿಂದ ಐರನ್ ಕ್ರಾಸ್ ಪದಕ, ಬ್ರಿಟನ್‌ನಿಂದ ಎಂಬಿಇ ಗೌರವ, ಎರಡೂ ಬಂದವು. ಯುದ್ಧದ ನಂತರ 1949ರಲ್ಲಿ ಅಂಗೋಲಾದಲ್ಲಿ ಮಲೇರಿಯಾದಿಂದ ಸತ್ತನೆಂದು ಸುದ್ದಿ ಹಬ್ಬಿಸಿ ವೆನೆಜುವೆಲಾ ಸೇರಿಕೊಂಡ. ಅಲ್ಲಿ ನಡೆಸಿದ್ದು ಪುಸ್ತಕದಂಗಡಿ. 1984ರವರೆಗೆ ಲೋಕಕ್ಕೆ ಸುಳಿವು ಸಿಗಲಿಲ್ಲ.

ಇವನ ಜೊತೆಯಲ್ಲೇ ಗ್ರಹಾಂ ಗ್ರೀನ್ ಅವರನ್ನೂ ನೆನೆಯಬೇಕು. 1942-43ರಲ್ಲಿ ಬ್ರಿಟನ್‌ನ ವಿದೇಶಿ ಗುಪ್ತಚರ ಸಂಸ್ಥೆ ಎಂಐ6 ಪರವಾಗಿ ಸಿಯೆರಾ ಲಿಯೋನ್‌ನ ಫ್ರೀಟೌನ್‌ನಲ್ಲಿದ್ದ ಅವರ ಗುಪ್ತ ಸಂಖ್ಯೆ 59200. ಇಲ್ಲದ ಗೂಢಚಾರರ ಹೆಸರಲ್ಲಿ ಸಂಬಳ ಎತ್ತುವವರ ಕಡತಗಳನ್ನು ಕಂಡಿದ್ದ ಗ್ರೀನ್, 1958ರ 'ಅವರ್ ಮ್ಯಾನ್ ಇನ್ ಹವಾನಾ'ದಲ್ಲಿ ಅಂಥ ಒಬ್ಬನನ್ನೇ ನಾಯಕನಾಗಿಸಿದರು. ಅವನಿಗೆ ಕೊಟ್ಟ ಸಂಖ್ಯೆ 59200/5.

ಪ್ರ: ನಮ್ಮ ಬಂಧುವೊಬ್ಬರು ಕೇಂದ್ರದ ಗುಪ್ತಚರ ಸಂಸ್ಥೆಯಿಂದ ನಿವೃತ್ತರಾಗಿ ಈಗ ತೋಟ ನೋಡಿಕೊಂಡಿದ್ದಾರೆ. ಕಾದಂಬರಿ ಬರೆದಿದ್ದಾರೆ. ಹೆಸರು ಬದಲಿಸಿದರೆ ಸಾಕಲ್ಲವೇ?
– ಸಕಲೇಶಪುರ

ಉ: ಸಾಲದು, ಮೊದಲು ಅನುಮತಿ. 2021ರ ಮೇ ತಿಂಗಳ ಪಿಂಚಣಿ ನಿಯಮದ ತಿದ್ದುಪಡಿಯಂತೆ, ಮಾಹಿತಿ ಹಕ್ಕು ಕಾಯ್ದೆಯ ಎರಡನೇ ಅನುಸೂಚಿಯಲ್ಲಿರುವ ಗುಪ್ತಚರ ಮತ್ತು ಭದ್ರತಾ ಸಂಸ್ಥೆಗಳಿಂದ ನಿವೃತ್ತರಾದವರು ಸಂಸ್ಥೆಯ ಕಾರ್ಯಕ್ಷೇತ್ರ, ಸಿಬ್ಬಂದಿ, ಅಲ್ಲಿ ಗಳಿಸಿದ ಪರಿಣತಿಗೆ ಸಂಬಂಧಿಸಿದ ಯಾವುದನ್ನೂ ಸಂಸ್ಥೆಯ ಮುಖ್ಯಸ್ಥರ ಪೂರ್ವಾನುಮತಿಯಿಲ್ಲದೆ ಪ್ರಕಟಿಸುವಂತಿಲ್ಲ. ನಿವೃತ್ತಿಯ ಹೊತ್ತಿಗೆ ಅವರು ಮುಚ್ಚಳಿಕೆಗೂ ಸಹಿ ಹಾಕಿರುತ್ತಾರೆ. ಮುರಿದರೆ ಪಿಂಚಣಿಗೆ ಕುತ್ತು. ಅದರ ಮೇಲೆ 1923ರ ಅಧಿಕೃತ ರಹಸ್ಯಗಳ ಕಾಯ್ದೆ ಹೇಗೂ ಇದೆ. ಕಾದಂಬರಿ ಕಲ್ಪಿತ ಎಂಬ ವಾದ ನಂಬಿ ಕೂರದೆ ಹಸ್ತಪ್ರತಿಯನ್ನು ಪ್ರಕಾಶಕರಿಗೆ ತೋರಿಸುವ ಮೊದಲೇ ಸಂಸ್ಥೆಗೆ ಕಳಿಸಲಿ, ಸ್ವೀಕೃತಿ ಪಡೆದಿಟ್ಟುಕೊಳ್ಳಲಿ. ಅಚ್ಚಿಗೆ ಹೋದ ಮೇಲೆ ಕೇಳಿದ ಅನುಮತಿ ಅನುಮತಿಯಲ್ಲ. ನಿಮ್ಮವರ ಪ್ರಕರಣಕ್ಕೆ ವಕೀಲರ ಸಲಹೆಯೂ ಬೇಕು.

ಬ್ರಿಟನ್‌ನಲ್ಲಿ ಎರಡೂ ದಾರಿಯ ಫಲ ಕಂಡಿದೆ. ಕಾಂಪ್ಟನ್ ಮೆಕೆಂಜಿ 1932ರಲ್ಲಿ ಯುದ್ಧಕಾಲದ ನೆನಪುಗಳನ್ನು ಪ್ರಕಟಿಸಿ 100 ಪೌಂಡ್ ದಂಡ ತೆತ್ತರು, ಪುಸ್ತಕ ಹಿಂದಕ್ಕೆ ಹೋಯಿತು. ಸಿಟ್ಟಿಗೆ ಮರುವರ್ಷವೇ ಗುಪ್ತಚರ ಇಲಾಖೆಯನ್ನು ಲೇವಡಿ ಮಾಡುವ ಕಾದಂಬರಿ ಬರೆದರು. ಅದಕ್ಕೆ ಯಾರೂ ಮೊಕದ್ದಮೆ ಹಾಕಲಿಲ್ಲ. ಡೇವಿಡ್ ಕಾರ್ನ್‌ವೆಲ್ ಎಂಬ ಅಧಿಕಾರಿ ಇಲಾಖೆಗೆ ತೋರಿಸಿ, ಒಪ್ಪಿಗೆ ಪಡೆದು, ಸೇವೆಯಲ್ಲಿರುವಾಗಲೇ 1961ರಿಂದ ಪ್ರಕಟಿಸಿದರು. ಸ್ವಂತ ಹೆಸರು ಹಾಕುವಂತಿರಲಿಲ್ಲವಾದ್ದರಿಂದ ಜಾನ್ ಲೆ ಕಾರೆ ಆದರು. 1963ರ ಮೂರನೇ ಕಾದಂಬರಿ ಲೋಕವಿಖ್ಯಾತವಾಗಿ, ಮರುವರ್ಷ ನೌಕರಿ ಬಿಟ್ಟರು.

ಪ್ರ: ಕಾವ್ಯನಾಮದಲ್ಲಿ ಬರೆದು ಕೊನೆತನಕ ಗುಟ್ಟಾಗಿ ಉಳಿಯಬಹುದೇ?
– ಚನ್ನರಾಯಪಟ್ಟಣ

ಉ: ಓದುಗರಿಂದ ಉಳಿಯಬಹುದು, ಪ್ರಕಾಶಕರಿಂದ ಕಷ್ಟ. ಒಪ್ಪಂದ, ಪ್ಯಾನ್, ಬ್ಯಾಂಕ್ ಖಾತೆ ನಿಜ ಹೆಸರಿನಲ್ಲೇ ಇರಬೇಕು. ಒಪ್ಪಂದದಲ್ಲಿ ಎರಡೂ ಹೆಸರು ನಮೂದಿಸಿ, ಗುಟ್ಟು ಕಾಯುವ ಷರತ್ತು ಬರೆಸಿ. ಹಕ್ಕುಸ್ವಾಮ್ಯದ ಲೆಕ್ಕವೂ ಬೇರೆ: ಗುಪ್ತನಾಮದ ಕೃತಿಗೆ ಪ್ರಕಟಣೆಯಿಂದ 60 ವರ್ಷ, ಆ ಅವಧಿಯೊಳಗೆ ಗುರುತು ಬಹಿರಂಗವಾದರೆ ಲೇಖಕರ ಮರಣದ ನಂತರ 60 ವರ್ಷ.

ಗುಟ್ಟು ಸೋರುವುದು ಸಣ್ಣ ಕಂಡಿಯಲ್ಲಿ. ವರ್ಡ್ ಕಡತದ ಗುಣಲಕ್ಷಣಗಳಲ್ಲಿ ಲೇಖಕ ಎಂಬ ಕಡೆ ನಿಮ್ಮ ಕಂಪ್ಯೂಟರಿನ ಹೆಸರು ಕೂತಿರುತ್ತದೆ, ಕಳಿಸುವ ಮುನ್ನ ಅಳಿಸಿ. 2013ರಲ್ಲಿ ಪತ್ತೇದಾರಿ ಕಾದಂಬರಿಕಾರ ರಾಬರ್ಟ್ ಗಾಲ್‌ಬ್ರೈತ್ ಎಂದರೆ 'ಹ್ಯಾರಿ ಪಾಟರ್'ನ ಜೆ.ಕೆ. ರೌಲಿಂಗ್ ಎಂದು ಬಯಲಾದದ್ದು ವಕೀಲರೊಬ್ಬರು ತಮ್ಮ ಹೆಂಡತಿಯ ಗೆಳತಿಗೆ ಹೇಳಿದ್ದರಿಂದ. ಪದಗಳ ಉದ್ದ, ಪದಜೋಡಿಗಳ ಬಳಕೆಯನ್ನು ಕಂಪ್ಯೂಟರ್ ತಾಳೆ ನೋಡಿದ್ದು ಆಮೇಲೆ.

ಪ್ರ: ನಮ್ಮಲ್ಲಿ ಹಿಂದೆ ಈ ವಿದ್ಯೆ ಇರಲಿಲ್ಲವೇ?
– ಶೃಂಗೇರಿ

ಉ: ಕೌಟಿಲ್ಯನ 'ಅರ್ಥಶಾಸ್ತ್ರ'ದಲ್ಲಿ ಗೂಢಪುರುಷರ ಪಟ್ಟಿಯೇ ಇದೆ. ನೆಲೆನಿಂತು ಕೆಲಸ ಮಾಡುವವರು ಕಾಪಟಿಕ (ವೇಷದ ವಿದ್ಯಾರ್ಥಿ), ಉದಾಸ್ಥಿತ (ಸನ್ಯಾಸಿ), ಗೃಹಪತಿಕ (ಒಕ್ಕಲಿಗ), ವೈದೇಹಕ (ವ್ಯಾಪಾರಿ), ತಾಪಸ (ತಪಸ್ವಿ). ಸುತ್ತುವವರು ಸತ್ರಿ (ವಿದ್ಯೆ ಕಲಿಸಿ ಸಾಕಿದ ಅನಾಥ), ತೀಕ್ಷ್ಣ (ಪ್ರಾಣದ ಹಂಗಿಲ್ಲದವ), ರಸದ (ವಿಷವಿಕ್ಕುವವ), ಭಿಕ್ಷುಕಿ. ವೇಷದ ಒಕ್ಕಲಿಗ, ವೇಷದ ವ್ಯಾಪಾರಿ ನಿಜವಾಗಿ ಬೇಸಾಯ, ವ್ಯಾಪಾರ ಮಾಡಬೇಕೆನ್ನುತ್ತಾನೆ ಕೌಟಿಲ್ಯ. ಮಾಮ್ ನಾಟಕ ಬರೆದದ್ದೂ ಇದೇ ಸೂತ್ರದ ಮೇಲೆ. ಪರಸ್ಪರ ಪರಿಚಯವಿಲ್ಲದ ಮೂವರ ಮಾತು ಒಂದಾದರೆ ನಂಬು ಎನ್ನುತ್ತಾನೆ. ಗಾರ್ಬೊ ಜರ್ಮನ್ನರನ್ನು ಕೆಡವಿದ್ದು ಇಲ್ಲೇ: ಅವರಿಗೆ ಬೇರೆಬೇರೆ ಎನಿಸಿದ ಬಾಯಿಗಳೆಲ್ಲ ಒಬ್ಬನವೇ. ಅಂದಹಾಗೆ ಈ ಗ್ರಂಥದ ತಾಳೆಗರಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದು, 1909ರಲ್ಲಿ ಅಚ್ಚಾಯಿತು.

ಪ್ರ: ಶೆಟ್ಟಿಹಳ್ಳಿಯ ಪಾಳು ಚರ್ಚಿನಲ್ಲಿ ನನ್ನ ಗೂಢಚಾರರು ಕಾಗದಪತ್ರ ಅಡಗಿಸಿಟ್ಟು ಹೋಗುವ ದೃಶ್ಯ ಬರೆದಿದ್ದೇನೆ. ಸರಿಹೋಗುತ್ತದೆಯೇ?
– ಆಲೂರು

ಉ: ತಿಂಗಳು ಯಾವುದೆಂದು ಬರೆದಿಲ್ಲ. ಗೊರೂರಿನ ಹೇಮಾವತಿ ಹಿನ್ನೀರು ಮಳೆಗಾಲದಲ್ಲಿ ಏರಿ ಚರ್ಚನ್ನು ಆವರಿಸುತ್ತದೆ. ಜೂನ್ ಕೊನೆಗೆ ಗೋಡೆ ಸಂದಿನಲ್ಲಿ ಇಟ್ಟದ್ದು ಆಗಸ್ಟ್‌ನಲ್ಲಿ ನೀರಿನಡಿ. ಬೇಸಿಗೆಯ ಶನಿವಾರ-ಭಾನುವಾರ ಮದುವೆ ಫೋಟೋ ತೆಗೆಸುವವರ ಜಾತ್ರೆ. ಫೆಬ್ರುವರಿಯ ಒಂದು ಮಂಗಳವಾರ ಬೆಳಿಗ್ಗೆ ಆದೀತು.

ಅಡಗುತಾಣಕ್ಕೆ ಮೂರು ಗುಣ ಬೇಕು. ಇಬ್ಬರಿಗೂ ಅಲ್ಲಿರಲು ಸಹಜ ಕಾರಣ. ಬಗ್ಗಿ ಇಟ್ಟು ಏಳುವ ಕೆಲವು ಸೆಕೆಂಡು ಎಲ್ಲ ದಿಕ್ಕಿನಿಂದಲೂ ಮರೆ. ದನ, ನಾಯಿ, ಕಸ ಗುಡಿಸುವವರ ಕೈ ತಲುಪದ ಜಾಗ. ಜೊತೆಗೆ 'ಇಟ್ಟಿದ್ದೇನೆ' ಎಂಬ ಗುರುತು ಬೇರೆಡೆ ಇರಬೇಕು, ನಡೆದು ಹೋಗುವಾಗ ನಿಲ್ಲದೆ ಕಾಣುವಂತೆ. ಅಮೆರಿಕದ ಸಿಐಎಯಲ್ಲಿದ್ದುಕೊಂಡೇ ಸೋವಿಯತ್ತಿಗೆ ಗುಟ್ಟು ಮಾರಿದ ಆಲ್ಡ್ರಿಚ್ ಏಮ್ಸ್ ಅಂಚೆಪೆಟ್ಟಿಗೆಯ ಮೇಲೆ ಸೀಮೆಸುಣ್ಣದ ಗೀಟು ಎಳೆಯುತ್ತಿದ್ದ. ಎಫ್‌ಬಿಐನ ರಾಬರ್ಟ್ ಹ್ಯಾನ್ಸನ್ ಪಾರ್ಕಿನ ಫಲಕಕ್ಕೆ ಬಿಳಿ ಟೇಪು ಅಂಟಿಸಿ, ಕಾಲುಸೇತುವೆಯ ಅಡಿ ಪೊಟ್ಟಣ ಇಡುತ್ತಿದ್ದ. 2001ರ ಫೆಬ್ರುವರಿ 18ರಂದು ಅಲ್ಲೇ ಕಾಯುತ್ತಿದ್ದವರ ಕೈಗೆ ಸಿಕ್ಕ. ಹಾಸನದ ಮಳೆಗೆ ಸೀಮೆಸುಣ್ಣ ನಿಲ್ಲದು. ಬಸ್‌ಸ್ಟ್ಯಾಂಡ್ ಕಂಬಕ್ಕೆ ಅಂಟಿಸಿದ 'ಮನೆ ಬಾಡಿಗೆಗೆ ಇದೆ' ಚೀಟಿಯ ಒಂದು ಮೂಲೆ ಹರಿದಿದೆಯೋ ಇಲ್ಲವೋ ಎಂಬುದನ್ನೇ ಗುರುತು ಮಾಡಿ.

ಪ್ರ: ನಾಯಕನ ಕೈಗೆ ಪಿಸ್ತೂಲು ಕೊಡಲೇ?
– ಕಡೂರು

ಉ: ಬೇಡ. ಬಂದೂಕಿನ ವಿಷಯದಲ್ಲಿ ಕೊಡವರಿಗೆ ಇರುವ ವಿನಾಯಿತಿ ನಿಮ್ಮ ಜಿಲ್ಲೆಯವರಿಗಿಲ್ಲ. ತೋಟದ ಜೋಡುನಳಿಗೆ ಕೋವಿಗೂ ಪರವಾನಗಿ ಬೇಕು, ಪೊಲೀಸ್ ಠಾಣೆಯ ದಾಖಲೆಯಲ್ಲಿ ಹೆಸರು ವಿಳಾಸ ಇರುತ್ತದೆ, ಚುನಾವಣೆ ಬಂತೆಂದರೆ ಠಾಣೆಗೆ ಒಪ್ಪಿಸಬೇಕಾಗುತ್ತದೆ. ಸುಳ್ಳು ಹೆಸರಿನಲ್ಲಿ ಬದುಕುವವನು ಆ ಸಾಲಿನಲ್ಲಿ ನಿಲ್ಲಲಾರ. ಪರವಾನಗಿ ಇಲ್ಲದ್ದನ್ನು ಇಟ್ಟುಕೊಂಡರೆ ಚೆಕ್‌ಪೋಸ್ಟಿನಲ್ಲಿ ಮೊದಲ ಸಿಪಾಯಿಗೇ ಕತೆ ಮುಗಿಯುತ್ತದೆ. ಟಾರ್ಚು, ಕೊಡೆ, ಜಿಗಣೆ ಬಿಡಿಸಲು ಉಪ್ಪು ಕಟ್ಟಿದ ಬಟ್ಟೆ ಕೊಡಿ.